ಸ್ಕ್ಯಾನರ್‌ಗೆ ಕೊಡದ ಪುಸ್ತಕ

ಬಸ್ಸು ದೇವನಹಳ್ಳಿ ದಾಟುವಾಗ ಭಾಗ್ಯಮ್ಮನ ಫೋನು ಮೂರನೆಯ ಸಲ ಬಡಿದುಕೊಂಡಿತು. ಲೈಬ್ರರಿಯ ಮೇಘನ. ಎತ್ತಲಿಲ್ಲ. ಮಡಿಲಲ್ಲಿದ್ದ ಕೆಂಪು ವಸ್ತ್ರದ ಗಂಟಿನ ಮೇಲೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು. ಮೂರು ಗಂಟೆಗೆ ಆ ಹುಡುಗಿ ಸ್ಕ್ಯಾನರ್ ಹಿಡಿದು ದೊಡ್ಡಬಳ್ಳಾಪುರದ ಮನೆಗೆ ಬರುತ್ತಾಳೆ. ಅಷ್ಟರೊಳಗೆ ಈ ಪುಸ್ತಕ ಆವತಿಯ ಆದಿನಾರಾಯಣಪ್ಪನವರ ಮನೆ ಸೇರಬೇಕು.

ಗಂಡ ಕದ್ದು ತಂದದ್ದು ಅಲ್ಲಿಂದಲೇ. 

ಇಪ್ಪತ್ತಾರು ವರ್ಷದಿಂದ ಸೋಮವಾರ ಸಂಜೆಯಾದರೆ ಬೀದಿಯ ಮಗ್ಗಗಳೆಲ್ಲ ಸುಮ್ಮನಾಗುತ್ತವೆ. ಯಜಮಾನರು ಮಗ್ಗದಿಂದೆದ್ದು ಮಿಂದು, ಗಂಟು ಬಿಚ್ಚಿ, ಪುಸ್ತಕವನ್ನು ಪೀಠದ ಮೇಲಿಟ್ಟು ‘ಹೊನ್ನವ್ವೆಯ ವನವಾಸ’ ಓದುತ್ತಾರೆ. ವಾರಕ್ಕಿಷ್ಟು. ಕಥೆ ಇನ್ನೂ ಮುಗಿದಿಲ್ಲ. ನಡುವೆ ಕರೆಂಟು ಹೋದರೂ ಓದು ನಿಲ್ಲುವುದಿಲ್ಲ. ದೇವರೇ ಕಣ್ಣಾಗಿ ನಿಂತಿದ್ದಾನೆ ಎಂದು ಜನ ಕೈಮುಗಿಯುತ್ತಾರೆ. ಓದಿದ ಮೇಲೆ ಪುಸ್ತಕಕ್ಕೆ ಹೂವು, ಮಂಗಳಾರತಿ. ಓದುವವರ ಹೊರತು ಇನ್ಯಾರೂ ಅದನ್ನು ಬಿಚ್ಚುವಂತಿಲ್ಲ. ಭಾಗ್ಯಮ್ಮ ಕೂಡ.

ಹದಿನೆಂಟು ವರ್ಷದ ಹಿಂದೆ ಆರು ವರ್ಷದ ಮಗಳು ಕೀರ್ತನ ಜ್ವರದಲ್ಲಿ ಹೋಗಿಬಿಟ್ಟಳು. ಭಾಗ್ಯಮ್ಮನಿಗೆ ಕಣ್ಣೀರೇ ಬರಲಿಲ್ಲ. ಅವಳ ಹಸಿರು ಲಂಗವನ್ನು ದಿನವೂ ಒಗೆದು, ಒಣಗಿಸಿ, ಮಡಚಿಡುತ್ತಿದ್ದರು. ಬೆಳಗಾದರೆ ಮತ್ತೆ ಒಗೆಯುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ತಿಂಗಳು ಕಳೆದು ಓದು ಮತ್ತೆ ಶುರುವಾದಾಗ, ಕಥೆಯಲ್ಲಿ ಹೊನ್ನವ್ವೆಯ ಮಗುವೂ ಕಾಡಿನಲ್ಲಿ ತೀರಿಕೊಂಡಿತು. ಹೊನ್ನವ್ವೆ ಹೊಳೆಯಲ್ಲಿ ಪುಟ್ಟ ಲಂಗ ಒಗೆದಳು, ಒಣಗಿಸಿದಳು, ಮತ್ತೆ ಒಗೆದಳು. ಯಾವ ಕಾಲದ ಕವಿಯೋ, ನನ್ನ ಹೊಟ್ಟೆಯ ಸಂಕಟ ಅವನಿಗೆ ಹೇಗೆ ತಿಳಿಯಿತು ಎಂದು ಅವತ್ತು ಭಾಗ್ಯಮ್ಮ ಗೋಡೆಗೊರಗಿ ಅತ್ತಿದ್ದರು.

ಅಂಥ ಪುಸ್ತಕ ಕಳ್ಳಮಾಲು.

ಗುರುವಾರ ಮೇಘನ ಮನೆಗೆ ಬಂದಿದ್ದಳು. ತಾಲ್ಲೂಕಿನ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ.

“ಈ ಕಥೆ ಬೇರೆ ಯಾವ ಲೈಬ್ರರಿ ಪಟ್ಟೀಲೂ ಇಲ್ಲ ಅಂಕಲ್. ಪುಸ್ತಕ ನಿಮಗೆಲ್ಲಿ ಸಿಕ್ತು?”

ಯಜಮಾನರ ಮುಖ ಬಿಳಿಚಿತು. “ಹಳೇದಮ್ಮ. ಆವತಿ ಕಡೇದು.”

“ಸ್ಕ್ಯಾನ್ ಮಾಡಿ ಅವತ್ತೇ ವಾಪಸ್ ಕೊಡ್ತೀನಿ.”

“ಬೇಡ. ಬೇಕಾದ್ರೆ ನಾನು ಹೇಳ್ತೀನಿ, ನೀನು ಬರ್ಕೋ.”

“ನಿಮ್ಮ ಬಾಯನ್ನ ಸ್ಕ್ಯಾನರ್ ಮೇಲೆ ಇಡಕ್ಕಾಗುತ್ತಾ? ಕವಿ ಬದುಕಿದ್ದಿದ್ರೆ ಬಾಯಿಂದ್ಲೇ ರೆಕಾರ್ಡ್ ಮಾಡ್ಕೊಳ್ಳೋಕೆ ಬರ್ತಿತ್ತು. ಯಾವ ಕಾಲದೋರೋ, ಅವ್ರನ್ನ ಎಲ್ಲಿಂದ ತರ್ಲಿ?” ಮೇಘನ ಭಾಗ್ಯಮ್ಮನ ಕಡೆ ತಿರುಗಿದಳು. “ಆಂಟಿ, ಅಂಕಲ್ ಪೂರ್ತಿ ಹೆಸರು ಹೇಳಿ, ಫಾರಂ ತುಂಬ್ತೀನಿ.”

ಭಾಗ್ಯಮ್ಮ ಒಳಗಿನಿಂದ ಆಧಾರ್ ಕಾರ್ಡು ತಂದು ಮುಂದಿಟ್ಟರು.

“ಬಾಯಲ್ಲಿ ಹೇಳಬಾರ್ದಾ?”

“ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಡ್ಮೆ ಆಗ್ತದೆ ಕಣಮ್ಮ.”

ನಗುತ್ತ ಮೇಘನ ಟ್ಯಾಬಿನಲ್ಲಿ ಆವತಿಯ ಪಟ್ಟಿ ತೆಗೆದಳು. ಜೋರಾಗಿಯೇ ಓದಿದಳು: ಆದಿನಾರಾಯಣಪ್ಪನವರ ಮನೆ ಸಂಗ್ರಹ, ಒಂದು ಕಾವ್ಯದ ಪ್ರತಿ ಕಾಣೆಯಾಗಿದೆ.

ಭಾಗ್ಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇಪ್ಪತ್ತಾರು ವರ್ಷದ ಹಿಂದೆ ಯಜಮಾನರು ಅದೇ ಮನೆಯ ಕಾವ್ಯವಾಚನಕ್ಕೆ ಹೋಗಿದ್ದರು. ಮುಖ ಸಣ್ಣ ಮಾಡಿಕೊಂಡು ಬಂದವರು ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ದೇವರ ಗೂಡಿನಲ್ಲಿ ಈ ಗಂಟು ಇತ್ತು. ಈಗಲೂ ಗುರುವಾರದಿಂದ ಅನ್ನವಿಲ್ಲ. “ಆ ಸ್ಕ್ಯಾನರ್ ಬೆಳಕು ಇದರ ಮೇಲೆ ಬಿದ್ರೆ ನಾನು ಬೀದೀಲಿ ತಲೆ ಎತ್ತಂಗಿಲ್ಲ” ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ಆವತಿಯಲ್ಲಿ ಬಾಗಿಲು ತೆರೆದ ಆದಿನಾರಾಯಣಪ್ಪನವರಿಗೆ ಎಂಬತ್ತು ದಾಟಿತ್ತು. ಭಾಗ್ಯಮ್ಮ ಗಂಟನ್ನು ಜಗಲಿಯ ಮೇಲಿಟ್ಟು ಕಾಲಿಗೆ ಬಿದ್ದರು.

“ನಮ್ಮನೆಯವರು ತಪ್ಪು ಮಾಡವ್ರೆ ಸ್ವಾಮಿ. ನಿಮ್ಮ ಪುಸ್ತಕ ತಗೊಳಿ. ಅವ್ರ ಮಾನ ಉಳಿಸಿ.”

ಮುದುಕರು ಕಥೆಯೆಲ್ಲ ಕೇಳಿ ತಲೆಯಾಡಿಸಿದರು. “ಕಾಣೆಯಾಗಿದ್ದು ಓಲೆಗರಿ ಕಣಮ್ಮ. ಹೋದ ವರ್ಷವೇ ಅಟ್ಟದ ಮೇಲೆ ಸಿಕ್ತು. ಪಟ್ಟೀಲಿ ತಿದ್ದಿಲ್ಲ, ಅಷ್ಟೆ.”

“ಹಂಗಾದ್ರೆ ಅವತ್ತು ಅವ್ರು ಇಲ್ಲಿಂದ ತಂದಿದ್ದೇನು?”

“ಏನೂ ಇಲ್ಲ. ಮಗ್ಗದ ಹುಡುಗ ತಾನೇ? ನೆನಪಿದೆ. ಏನೋ ಪದ್ಯ ಹೇಳಕ್ಕೆ ಶುರು ಮಾಡ್ದ. ಯಾವ ಪುಸ್ತಕದ್ದಯ್ಯಾ ಅಂದ್ವಿ. ಪುಸ್ತಕ ಇಲ್ಲ ಅಂದ. ಪುಸ್ತಕ ಇಲ್ದೋನ ಪದ್ಯಕ್ಕೆ ಯಾರು ಕೈ ಮುಗೀತಾರೆ ಅಂತ ನಕ್ಕು ಕಳಿಸಿದ್ವಿ.”

ಅವರು ಗಂಟು ಬಿಚ್ಚಿದರು. ಭಾಗ್ಯಮ್ಮ ಬಗ್ಗಿ ನೋಡಿದರು. ಮಗ್ಗದ ನಕ್ಷೆ ಬರೆಯುವ ಸಣ್ಣ ಸಣ್ಣ ಚೌಕದ ಹಾಳೆ. ಚೌಕಗಳಲ್ಲಿ ಕೆಂಪು, ನೀಲಿ ಚುಕ್ಕೆ. ಸೀರೆಯ ಅಂಚಿಗೆ ಬಿಡಿಸಿದ ಹಂಸ. ಮುಂದಿನ ಪುಟದಲ್ಲಿ ರುದ್ರಾಕ್ಷಿ. ಪುಸ್ತಕವನ್ನು ತಾವೇ ಎಳೆದುಕೊಂಡು ಕೊನೆಯವರೆಗೂ ತಿರುವಿದರು. ಎಲ್ಲೂ ಒಂದಕ್ಷರವಿರಲಿಲ್ಲ.

ಹಗ್ಗದ ಮೇಲೆ ಒಣಗುತ್ತಿದ್ದ ಹಸಿರು ಲಂಗ ಕಣ್ಣೆದುರು ಬಂತು. ಅದನ್ನು ಬಲ್ಲವರು ಮನೆಯಲ್ಲಿ ಇನ್ನೊಬ್ಬರೇ ಇದ್ದರು.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದರು.

“ಆಂಟಿ, ಎಲ್ಲಿದ್ದೀರಾ? ಅಂಕಲ್ ಬಾಗಿಲೇ ತೆಗೀತಿಲ್ಲ. ಇವತ್ತೇ ಕೊನೇ ದಿನ. ಕವಿ ಹೆಸರಿನ ಕಾಲಂ ಖಾಲಿ ಇದೆ. ಗೊತ್ತಿಲ್ಲ ಅಂತ ಹಾಕ್ಲಾ?”

“ಬೇಡ ಕಣಮ್ಮ, ಬರ್ಕೋ,” ಎಂದು ಭಾಗ್ಯಮ್ಮ ಮದುವೆಯಾದಾಗಿನಿಂದ ಬಾಯಿಗೆ ತರದಿದ್ದ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು: “ಕೋದಂಡರಾಮಯ್ಯ.”