ಅಳತೆಯ ನೀರು

ಮಗಳು ಬಾಗಿಲು ತೆರೆದಾಗ ನೀರಿನ ಕ್ಯಾನಿನ ಮುಚ್ಚಳ ಅಪ್ಪನ ಕೈಯಲ್ಲಿತ್ತು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ.

"ಕುಡಿದ್ಯಾ?"

"ಇಲ್ಲ ಕಣಮ್ಮಾ. ಪಂಜರಕ್ಕೆ ನೀರು ಚಿಮ್ಮೋ ಯಂತ್ರ ಕೆಟ್ಟಿದೆ. ಗುಂಯ್ ಅನ್ನುತ್ತೆ, ನೀರು ಬರ್ತಿಲ್ಲ. ಏನಾದ್ರೂ ಕಟ್ಟಿಕೊಂಡಿದೆಯಾ ಅಂತ ನೋಡ್ತಿದ್ದೆ."

ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿದ ಮನುಷ್ಯ. ತಪ್ಪೆಲ್ಲ ಪೈಪಿನ ಮೇಲೆ ಹಾಕುವುದು ಹೊಸದಲ್ಲ. ಅವಳು ಊಸರವಳ್ಳಿಯ ಪಂಜರದತ್ತ ಬೆರಳು ಮಾಡಿದಳು. ಒಳಗಿನ ಎಲೆಯ ತುದಿಯಲ್ಲಿ ಎರಡು ಹನಿ ಇನ್ನೂ ತೂಗುತ್ತಿದ್ದವು.

"ಹಾಗಾದ್ರೆ ಅದೇನು? ಆಕಾಶದಿಂದ ಬಿತ್ತಾ?"

ಅಪ್ಪ ಹನಿಗಳನ್ನು ನೋಡಿದ.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆ ಗೊತ್ತಾಗಲ್ಲ ಅಂದ್ಕೊಂಡಿತ್ತಂತೆ, ಅಪ್ಪ."

ಕೂಗಾಡಲು ಅವಳಲ್ಲಿ ಶಕ್ತಿ ಇರಲಿಲ್ಲ. ಬೆಳಿಗ್ಗೆಯಿಂದ ಇಸ್ತ್ರಿ ಅಂಗಡಿಯಲ್ಲಿ ನಿಂತು ಕಾಲು ಕಂಬವಾಗಿತ್ತು. ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

ಅಪ್ಪನ ಕಿಡ್ನಿ ಎರಡೂ ಕೈಕೊಟ್ಟು ಒಂದು ವರ್ಷ. ವಾರಕ್ಕೆ ಎರಡು ಸಲ ಆಸ್ಪತ್ರೆಯಲ್ಲಿ ರಕ್ತ ತೊಳೆಸಬೇಕು. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಒಳಗೇ ನಿಂತು ಉಸಿರು ಕಟ್ಟಿಸುತ್ತದೆ. ದಿನಕ್ಕೆ ಮೂರು ಸಣ್ಣ ಲೋಟ, ಅಷ್ಟೇ ಎಂದಿದ್ದರು ಡಾಕ್ಟರು. ಹೋದ ತಿಂಗಳು ಅವನು ಕದ್ದು ಬಚ್ಚಲ ನಲ್ಲಿಗೆ ಬಾಯಿಟ್ಟಿದ್ದ. ನಾಲ್ಕು ದಿನ ಮೂಗಿಗೆ ಕೊಳವೆ ಹಾಕಿ ಮಲಗಿಸಿದ್ದರು. ಇನ್ನೊಂದು ಸಲ ಹೀಗಾದರೆ ಕರೆತರಬೇಡಿ, ಪ್ರಯೋಜನವಿಲ್ಲ ಎಂದೂ ಹೇಳಿ ಕಳಿಸಿದ್ದರು.

ಅಂದಿನಿಂದ ಮನೆಯ ನೀರೆಲ್ಲ ಅವಳ ಕಾವಲಿನಲ್ಲಿತ್ತು. ಕೆಲಸಕ್ಕೆ ಹೊರಡುವಾಗ ಅಡುಗೆಮನೆಗೆ ಬೀಗ. ತಾರಸಿಯ ಮೇಲಿನ ವಾಲ್ವು ಬಂದ್. ಹದಿನೆಂಟು ಮೆಟ್ಟಿಲು ಹತ್ತುವ ಕಾಲು ಅಪ್ಪನಿಗೆ ಇರಲಿಲ್ಲ. ಬಚ್ಚಲ ಬಕೆಟ್ಟಿಗೆ ಫಿನಾಯಿಲ್. ಬೆಳಗಿನ ಲೋಟ ಅವಳೆದುರೇ ಮಾತ್ರೆಯ ಜೊತೆ. ಉಳಿದೆರಡು ಲೋಟ ಮೇಜಿನ ಮೇಲೆ, ತಟ್ಟೆ ಮುಚ್ಚಿ.

ಮರೆತದ್ದು ಇದೊಂದು ಕ್ಯಾನು.

ಮೇಲಿನ ಮನೆಯ ಬಾಡಿಗೆಯವನು ಮನೆ ಖಾಲಿ ಮಾಡುವಾಗ ಊಸರವಳ್ಳಿಯನ್ನೂ ಪಂಜರವನ್ನೂ ಇವರ ತಲೆಗೆ ಕಟ್ಟಿ ಹೋಗಿದ್ದ. ಈ ಪ್ರಾಣಿ ಬಟ್ಟಲಲ್ಲಿಟ್ಟ ನೀರನ್ನು ಮೂಸಿಯೂ ನೋಡದು. ಎಲೆಯ ಮೇಲೆ ಹನಿ ಕೂತರೆ ಮಾತ್ರ ನೆಕ್ಕುತ್ತದೆ. ಅದಕ್ಕೆಂದೇ ಕೆಳಗಿನ ಕಪಾಟಿನಲ್ಲೊಂದು ಪಂಪು, ನೀರಿನ ಕ್ಯಾನು. ಬೆಳಿಗ್ಗೆ ಹನ್ನೊಂದಕ್ಕೂ ಮಧ್ಯಾಹ್ನ ಮೂರಕ್ಕೂ ತಾನಾಗಿ ಮಂಜು ಚಿಮ್ಮುತ್ತದೆ. "ಫಿಲ್ಟರ್ ನೀರೇ ಹಾಕಿ, ಅಕ್ಕಾ. ಕಣ್ಣು ಗುಳಿ ಬಿದ್ರೆ ಬಾಯಾರಿದೆ ಅಂತ ತಿಳ್ಕೊಳ್ಳಿ," ಎಂದಿದ್ದ ಅವನು. ಫಿಲ್ಟರ್ ನೀರು ಹೊತ್ತು ತರುವ ತ್ರಾಣ ಯಾರಿಗಿದೆ? ಭಾನುವಾರಕ್ಕೊಮ್ಮೆ ಅವಳು ಬಚ್ಚಲ ನಲ್ಲಿಯದನ್ನೇ ತುಂಬುತ್ತಿದ್ದಳು. ಬಕೆಟ್ಟಿನ ಅಂಚಿಗೆ ಬಿಳಿ ಹಿಟ್ಟು ಕಟ್ಟುವ ಗಡಸು ನೀರು. ಆದರೂ ಪ್ರಾಣಿಯ ಕಣ್ಣು ಗುಂಡಗೇ ಇತ್ತು.

ಅವತ್ತೇ ಕಪಾಟಿಗೂ ಬೀಗ ಬಿತ್ತು.

"ಬೀಗ ಹಾಕ್ಕೋ, ಬೇಡ ಅನ್ನಲ್ಲ," ಎಂದ ಅಪ್ಪ. "ಆದ್ರೆ ಅದಕ್ಕೊಂದು ಲೋಟ ನೀರು ಬೇರೆ ಇಟ್ಟು ಹೋಗಮ್ಮಾ."

"ಅದಕ್ಕೋ, ನಿಂಗೋ?"

"ಅದಕ್ಕೇ."

"ಈ ಮನೇಲಿ ಬಣ್ಣ ಬದಲಾಯಿಸೋದು ಅದೊಂದೇ ಅಲ್ಲ ಬಿಡು. ಕೇಳಿಲ್ಲಿ. ಇನ್ನೊಂದ್ಸಲ ನೀರಿನ ಮಾತೆತ್ತಿದ್ರೆ, ಅದನ್ನ ಎತ್ತಿಕೊಂಡು ಹೋಗಿ ಯಾವುದಾದ್ರೂ ಮರಕ್ಕೆ ಬಿಟ್ಟು ಬರ್ತೀನಿ."

ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಗುರುವಾರ ಆಸ್ಪತ್ರೆಯಲ್ಲಿ ತೂಕ ನೋಡಿದ ಸಿಸ್ಟರ್ ಹುಬ್ಬೇರಿಸಿದಳು. "ಏನು ತಾತಾ, ಈ ಸಲ ತೂಕ ಏರೇ ಇಲ್ಲ! ತುಟಿ ನೋಡಿ, ಹೇಗೆ ಒಡೆದಿದೆ. ಕೊಟ್ಟಷ್ಟು ನೀರು ಕುಡೀಬೇಕು, ತಿಳೀತಾ?"

"ಕುಡೀತಿದೀವಿ," ಎಂದ ಅಪ್ಪ.

ಎಲ್ಲ ಬೀಗದ ಮಹಿಮೆ ಎಂದುಕೊಂಡಳು ಮಗಳು. ಎಷ್ಟೋ ದಿನಗಳ ಮೇಲೆ ಅಂದು ಕಣ್ತುಂಬ ನಿದ್ದೆ ಬಂತು.

ಆ ನೆಮ್ಮದಿ ಒಂದೇ ದಿನದ್ದು. ಶುಕ್ರವಾರ ಸಂಜೆ ಬಂದಾಗ ಅಪ್ಪನ ಔಷಧಿ ಚಮಚ ಪಂಜರದೊಳಗೆ ಬಿದ್ದಿತ್ತು. ಚಮಚ ಒದ್ದೆ. ಚಿಲಕ ಅರ್ಧ ತೆರೆದಿತ್ತು. ಊಸರವಳ್ಳಿ ಒಂದು ಕಣ್ಣಿನಲ್ಲಿ ಅವಳನ್ನೂ ಇನ್ನೊಂದರಲ್ಲಿ ಅಪ್ಪನನ್ನೂ ನೋಡುತ್ತಿತ್ತು.

ಅವಳಿಗೆ ಅರ್ಥವಾಗದೆ ಏನು? ಕ್ಯಾನು ಸಿಗದವನು ಎಲೆಯ ಮೇಲಿನ ಹನಿಗೇ ಕೈ ಹಾಕಿದ್ದಾನೆ. ಒಂದು ಮೂಕಪ್ರಾಣಿಯ ಬಾಯಿಂದ ಚಮಚದಲ್ಲಿ ಬಳಿದುಕೊಳ್ಳುತ್ತಿದ್ದಾನೆ. ನಾಚಿಕೆಯಾಯಿತು, ಅಳುವೂ ಬಂತು. ಅಳುವುದಕ್ಕೂ ದಣಿವು ಬಿಡಲಿಲ್ಲ. ಚಮಚ ತೊಳೆದಿಟ್ಟಳು. ಕಣ್ಣಾರೆ ನೋಡಿ, ಕೈ ಹಿಡಿದೇ ಕೇಳುತ್ತೇನೆ ಎಂದುಕೊಂಡಳು.

ಶನಿವಾರ ಅಂಗಡಿಯಲ್ಲಿ ಮಧ್ಯಾಹ್ನದ ಮೇಲೆ ರಜೆ ಕೇಳಿದಳು. ಮೂರಕ್ಕೆ ಎರಡು ನಿಮಿಷವಿರುವಾಗ, ಚಪ್ಪಲಿ ಕೈಯಲ್ಲಿ ಹಿಡಿದು, ಪಂಜರದ ಪಕ್ಕದ ಕಿಟಕಿಯ ಹೊರಗೆ ನಿಂತಳು.

ಅಪ್ಪ ಪಂಜರದೆದುರು ಕುರ್ಚಿ ಹಾಕಿಕೊಂಡು ಕೂತಿದ್ದ. ಕೈಯಲ್ಲಿ ಅದೇ ಚಮಚ. ಊಸರವಳ್ಳಿ ಆಗಲೇ ಕೊಂಬೆಯ ತುದಿಗೆ ಬಂದಿತ್ತು.

ಗಡಿಯಾರ ಮೂರು ಹೊಡೆಯಿತು. ಪಂಪು ಗುಂಯ್ ಎಂದಿತು. ಗುಂಯ್ ಎನ್ನುತ್ತಲೇ ಇದ್ದು, ನಿಂತುಹೋಯಿತು. ಚಿಮ್ಮುವ ಕೊಳವೆಯ ಬಾಯಿ ತುಂಬ ಬಿಳಿ ಹಿಟ್ಟು. ಒಂದು ಎಲೆಯೂ ನೆನೆಯಲಿಲ್ಲ.

ಅಪ್ಪ ಮೇಜಿನ ಮೇಲಿದ್ದ ತನ್ನ ಕೊನೆಯ ಲೋಟ ತೆಗೆದುಕೊಂಡ, ಚಮಚದಿಂದ ಹನಿ ಹನಿಯಾಗಿ ಅಷ್ಟನ್ನೂ ಎಲೆಗಳ ಮೇಲೆ ಬಿಟ್ಟ, ಅದು ಕುಡಿದು ಮುಗಿಸುವವರೆಗೆ ಕಾದ, ಆಮೇಲೆ ಒದ್ದೆ ಚಮಚವನ್ನು ತಾನು ನೆಕ್ಕಿದ.