ಗ್ಯಾಲರಿಯ ಚಪ್ಪಾಳೆ

"ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದ್ದು ಯಾರು?" ಸಭಾಧ್ಯಕ್ಷೆ ಗಂಟೆ ಬಾರಿಸಿದ್ದೇ ತಡ, ಸದನ ಗಪ್‌ಚಿಪ್ಪಾಯಿತು.

ಅದು ಆ ವಿಧಾನಸಭೆಯ ಕೊನೆಯ ದಿನ. ಐದು ವರ್ಷದಲ್ಲಿ ಮೂರು ಸರ್ಕಾರ ಕಂಡ ಸಭೆ. ಮೂರನೆಯ ಮುಖ್ಯಮಂತ್ರಿ ಆಗಷ್ಟೇ, "ನಾವೆಲ್ಲ ಬಂದ್ವಿ, ಹೋದ್ವಿ. ಅಲ್ಲಾಡದೆ ಕೂತಿದ್ದು ಅಧ್ಯಕ್ಷರೊಬ್ಬರೇ" ಎಂದಿದ್ದರು. ವಿರೋಧ ಪಕ್ಷದವರೂ ಮೇಜು ಕುಟ್ಟಿದ್ದರು. ಮೇಜು ಕುಟ್ಟಲು ಸದಸ್ಯರಿಗೆ ಅಡ್ಡಿಯಿಲ್ಲ. ಪ್ರೇಕ್ಷಕರು ಮಾತ್ರ ಸದ್ದು ಮಾಡುವಂತಿಲ್ಲ.

ಗ್ಯಾಲರಿಯಲ್ಲಿ ಎದ್ದು ನಿಂತವರು ಸಭಾಧ್ಯಕ್ಷೆಯ ಅಪ್ಪ, ನಿವೃತ್ತ ಬಸ್ ಕಂಡಕ್ಟರ್. "ಹೋಗ್ಲಿ ಬಿಡಿ ಮೇಡಂ, ಹೆತ್ತ ಕರುಳು" ಎಂದರು ಮುಖ್ಯಮಂತ್ರಿ. ಆಕೆ ಅಪ್ಪನನ್ನೇ ಒಂದು ಗಳಿಗೆ ನೋಡಿದಳು. "ಮಾರ್ಷಲ್, ಅವರನ್ನ ಹೊರಗೆ ಕರ್ಕೊಂಡು ಹೋಗಿ."

ಕಾರಿಡಾರಿನಲ್ಲಿ ಮಾರ್ಷಲ್ ಮುಖ ಸಣ್ಣದು ಮಾಡಿಕೊಂಡು, "ತಪ್ಪು ತಿಳ್ಕೋಬೇಡಿ ಯಜಮಾನ್ರೇ" ಎಂದ.

"ತಪ್ಪೇನ್ರೀ ಬಂತು? ಟಿಕೆಟ್ ತಗೊಳ್ಳಲಿಲ್ಲ ಅಂತ ಸ್ವಂತ ಬಾಮೈದನ್ನೇ ನಡುದಾರೀಲಿ ಬಸ್ಸಿಂದ ಇಳಿಸಿದೋನು ನಾನು. ಇವತ್ತು ನನ್ನನ್ನೇ ಇಳಿಸಿಬಿಟ್ಲಲ್ಲ, ನನ್ ಮಗಳು!" ಅವರು ಎದೆಯುಬ್ಬಿಸಿ, ಮುಚ್ಚಿದ ಬಾಗಿಲಿನತ್ತ ತಿರುಗಿ ಎರಡೂ ಕೈ ಎತ್ತಿದರು. "ಇಲ್ಲಿ ಚಪ್ಪಾಳೆ ತಟ್ಟಬಹುದು ತಾನೇ?"