ಮಾಸ್ತರರ ವೀಸಾ

ಹತ್ತು ವರ್ಷದ ಹಿಂದೆ ಡೊಳ್ಳು ಮಾಸ್ತರ ಮೈಲಾರಪ್ಪ ವೀಸಾ ಪಟ್ಟಿಯಿಂದ ಶಿಷ್ಯೆ ಹಾಲವ್ವನ ಹೆಸರು ಹೊಡೆದುಹಾಕಿ, ಡೊಳ್ಳನ್ನೇ ಮುಟ್ಟದ ತನ್ನ ಅಳಿಯನನ್ನು ಕಲಾವಿದನೆಂದು ಅಮೆರಿಕಕ್ಕೆ ಕರೆದೊಯ್ದಿದ್ದ. ಹಾಲವ್ವನ ಹೊಟ್ಟೆಯ ಕಿಚ್ಚು ಇನ್ನೂ ಆರಿರಲಿಲ್ಲ. ಈಗ ಅವಳದೇ ತಂಡಕ್ಕೆ ಅಲ್ಲಿಂದ ಕರೆ ಬಂದಿತ್ತು.

ಮೈಲಾರಪ್ಪ ಮನೆಗೇ ಬಂದು ಕೈಮುಗಿದ. "ನನ್ನೂ ಕರ್ಕೊಂಡ ಹೋಗವ್ವಾ. ಸಾಯೂದ್ರೊಳಗ ಇನ್ನೊಮ್ಮೆ ಅಲ್ಲಿ ಡೊಳ್ಳು ಬಾರಿಸಬೇಕು."

"ಆತ್ರಿ ಮಾಸ್ತರ್ರ, ನಿಮ್ಮ ಹೆಸರೂ ಬರಸ್ತೀನಿ," ಎಂದಳು. ಬರೆಸಿದಳು ಕೂಡ.

ಚೆನ್ನೈನ ವೀಸಾ ಕಚೇರಿಯಲ್ಲಿ ಮೈಲಾರಪ್ಪ ಜರಿ ರುಮಾಲು ಸುತ್ತಿಕೊಂಡು ಕಿಟಕಿಯ ಮುಂದೆ ನಿಂತ. ಅಧಿಕಾರಿಯ ಪ್ರಶ್ನೆಯನ್ನು ದುಭಾಷಿ ಕನ್ನಡಕ್ಕೆ ತಿರುಗಿಸಿದ: "ಈ ತಂಡದ ಸಾಮಾನು ಹೊರೋಕೆ ಹೋಗ್ತಿರೋರು ನೀವೇನಾ?"

ಮೈಲಾರಪ್ಪ ತಿರುಗಿ, ಹಿಂದೆಯೇ ನಿಂತಿದ್ದ ಹಾಲವ್ವನ ಮುಖ ನೋಡಿದ.

"ಹೌದು ಅನ್ರಿ ಮಾಸ್ತರ್ರ," ಎಂದಳು ಮೆಲ್ಲಗೆ. "ಅಲ್ಲ ಅಂದ್ರ ವೀಸಾ ಸಿಗಂಗಿಲ್ಲ."